ಮಕ್ಕಳ ಸೊಂಟದ ಕೀಲಿನ ಸೋಂಕು: ಕೊಯ್ಯುವ ಹೊತ್ತಿನ ಚರಿತ್ರೆ

ಮಕ್ಕಳ ಸೊಂಟದ ಕೀಲಿಗೆ ತಗಲುವ ಸೋಂಕು ಮುಖ್ಯವಾಗಿ ಎರಡು ಬಗೆಯದು. ಒಂದು ಕೀವು ಕಟ್ಟುವ ಸೋಂಕು. ಅದು ದಿಢೀರನೆ ಬರುತ್ತದೆ. ನಿನ್ನೆ ಓಡಾಡಿಕೊಂಡಿದ್ದ ಮಗು ಇಂದು ಜ್ವರದಲ್ಲಿ ಮಲಗಿರುತ್ತದೆ, ಕಾಲು ಮುಟ್ಟಿದರೆ ಚೀರುತ್ತದೆ. ಕೆಲವೇ ದಿನಗಳಲ್ಲಿ ಕೀಲಿನೊಳಗಿನ ಮೃದ್ವಸ್ಥಿ ಕರಗತೊಡಗುತ್ತದೆ. ಇನ್ನೊಂದು ಕ್ಷಯ. ಅದರಲ್ಲಿ ಮಗು ತಿಂಗಳುಗಟ್ಟಲೆ ಅಷ್ಟಷ್ಟೇ ಕುಂಟುತ್ತದೆ, ತೊಡೆ ಸೊರಗುತ್ತದೆ, ರಾತ್ರಿ ನಿದ್ದೆಯಲ್ಲಿ ಬೆಚ್ಚಿ ಅಳುತ್ತದೆ. ಮೊದಲನೆಯದರಲ್ಲಿ ತಡ ಮಾಡಿದರೆ ಕೀಲು ಹೋಗುತ್ತದೆ. ಎರಡನೆಯದರಲ್ಲಿ, ಔಷಧವಿಲ್ಲದ ಕಾಲದಲ್ಲಿ, ಅವಸರಪಟ್ಟು ಕೊಯ್ದರೆ ಜೀವವೇ ಹೋಗುತ್ತಿತ್ತು. 19ನೇ ಶತಮಾನದ ಬಹುಭಾಗ ಯುರೋಪಿನ ವೈದ್ಯರು ಇವೆರಡನ್ನೂ ‘ಸೊಂಟದ ಕೀಲಿನ ರೋಗ’ ಎಂಬ ಒಂದೇ ಶೀರ್ಷಿಕೆಯಡಿ ಇಟ್ಟಿದ್ದರು. ಹಾಗಾಗಿ ಈ ಕೀಲಿನ ಶಸ್ತ್ರಚಿಕಿತ್ಸೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಎರಡನ್ನೂ ಬೇರ್ಪಡಿಸಿದ, ಯಾವುದಕ್ಕೆ ಯಾವಾಗ ಚಾಕು ಹಿಡಿಯಬೇಕೆಂದು ಕಲಿತ ಚರಿತ್ರೆ.

ತೊಂದರೆಯ ಮೂಲ ಕೀಲಿನ ರಚನೆಯಲ್ಲೇ ಇದೆ. ತೊಡೆಮೂಳೆಯ ಗುಂಡಗಿನ ತಲೆ ಸೊಂಟದ ಮೂಳೆಯ ಬಟ್ಟಲಿನೊಳಗೆ ಕೂತಿರುತ್ತದೆ. ಅದರ ಸುತ್ತ ಬಿಗಿಯಾದ ಕೀಲುಕೋಶ, ಅದರ ಮೇಲೆ ದಪ್ಪನೆಯ ಮಾಂಸಖಂಡಗಳು. ಮೊಣಕಾಲಿನಲ್ಲಿ ನೀರು ತುಂಬಿದರೆ ಕಣ್ಣಿಗೆ ಕಾಣುತ್ತದೆ, ಒತ್ತಿದರೆ ಕೈಗೆ ಸಿಗುತ್ತದೆ. ಸೊಂಟದಲ್ಲಿ ಕೀವು ತುಂಬಿಕೊಂಡರೂ ಹೊರಗಿನಿಂದ ಏನೂ ಕಾಣುವುದಿಲ್ಲ, ಕಾಣುವ ಹೊತ್ತಿಗೆ ಕೀಲುಕೋಶ ಒಡೆದಿರುತ್ತದೆ. ರಕ್ತದಲ್ಲಿ ತೇಲಿಬಂದ ಬ್ಯಾಕ್ಟೀರಿಯಾ ಮಕ್ಕಳ ಮೂಳೆಯಲ್ಲಿ ನೆಲೆಯೂರುವುದು ಸಾಮಾನ್ಯವಾಗಿ ಬೆಳವಣಿಗೆಯ ಫಲಕದ, ಅಂದರೆ ಮೂಳೆ ಉದ್ದಕ್ಕೆ ಬೆಳೆಯುವ ಮೃದ್ವಸ್ಥಿಯ ಪದರದ, ಪಕ್ಕದ ಭಾಗದಲ್ಲಿ. ಮೊಣಕಾಲಿನಂಥ ಕಡೆ ಆ ಭಾಗ ಕೀಲುಕೋಶದ ಹೊರಗಿದೆ, ಸೊಂಟದಲ್ಲಿ ಒಳಗಿದೆ. ತೊಡೆಮೂಳೆಯ ಕತ್ತಿನಲ್ಲಿ ಹುಟ್ಟಿದ ಕೀವು ಮೂಳೆಯ ತೆಳು ಪದರವನ್ನು ಒಡೆದರೆ ಸೀದಾ ಕೀಲಿಗೇ ಇಳಿಯುತ್ತದೆ. ಇಷ್ಟು ಸಾಲದೆಂಬಂತೆ, ಮೂಳೆಯ ತಲೆಗೆ ರಕ್ತ ಒಯ್ಯುವ ಸಣ್ಣ ನಾಳಗಳೂ ಕೀಲುಕೋಶದ ಒಳಗೇ, ಕತ್ತಿಗೆ ಅಂಟಿಕೊಂಡೇ ಮೇಲೇರುತ್ತವೆ. ಒಳಗೆ ಒತ್ತಡ ಹೆಚ್ಚಿದರೆ ಅವು ಅದುಮಿಹೋಗುತ್ತವೆ. ಒಂದು ಕಡೆ ಕೀವಿನ ಕಿಣ್ವಗಳು ಮೃದ್ವಸ್ಥಿಯನ್ನು ತಿನ್ನುತ್ತವೆ, ಇನ್ನೊಂದು ಕಡೆ ರಕ್ತವಿಲ್ಲದೆ ಮೂಳೆಯ ತಲೆ ಸಾಯುತ್ತದೆ.

ಕೀವನ್ನು ಯಾವಾಗ ಕೊಯ್ದು ತೆಗೆಯಬೇಕೆಂಬ ಪ್ರಶ್ನೆ ಶಸ್ತ್ರವೈದ್ಯದಷ್ಟೇ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಬಾವಿನ ಮೂರು ಅವಸ್ಥೆಗಳನ್ನು, ಅಂದರೆ ಹಸಿಯಾದದ್ದು, ಹಣ್ಣಾಗುತ್ತಿರುವುದು, ಹಣ್ಣಾದದ್ದು ಎಂಬುದನ್ನು ಗುರುತಿಸುವುದಕ್ಕೇ ಒಂದು ಅಧ್ಯಾಯ ಮೀಸಲಾಗಿದೆ. ಹಸಿಯಾದದ್ದನ್ನು ಕೊಯ್ಯುವವನನ್ನೂ ಹಣ್ಣಾದದ್ದನ್ನು ಹಾಗೇ ಬಿಡುವವನನ್ನೂ ಅದು ಒಟ್ಟಿಗೇ ನಿಂದಿಸುತ್ತದೆ. ಹಳ್ಳಿಗಳಲ್ಲಿ ಕುರುವಿಗೆ ಪಟ್ಟು ಹಾಕಿ ‘ಹಣ್ಣಾಗಲಿ’ ಎಂದು ಕಾಯುವ ಪದ್ಧತಿಯ ಹಿಂದಿರುವುದೂ ಇದೇ ತಿಳಿವಳಿಕೆ. ಚರ್ಮದಡಿಯ ಕುರುವಿಗೆ ಇದು ಸರಿಯಾದ ಮಾತು. ಕಣ್ಣಿಗೆ ಕಾಣದ, ಆಳದ ಸೊಂಟದ ಕೀಲಿನಲ್ಲಿ ಹಣ್ಣಾಗುವ ತನಕ ಕಾಯುವುದೆಂದರೆ ಕೀಲನ್ನು ಬಿಟ್ಟುಕೊಟ್ಟಂತೆ. ಆದರೆ ಇದನ್ನು ತಿಳಿಯಲು ಅರಿವಳಿಕೆ, ಸೂಕ್ಷ್ಮದರ್ಶಕ, ಎಕ್ಸ್-ರೇ ಎಲ್ಲವೂ ಬರಬೇಕಾಯಿತು.

ಸೊಂಟದ ಕೀಲಿನ ಮೇಲೆ ನಡೆದ ಮೊದಲ ದೊಡ್ಡ ಶಸ್ತ್ರಚಿಕಿತ್ಸೆಗಳು ಕೀವು ಬಸಿಯುವುದಕ್ಕಲ್ಲ, ಕೊಳೆತ ಮೂಳೆಯನ್ನೇ ಕಿತ್ತುಹಾಕುವುದಕ್ಕೆ ನಡೆದವು. 1820ರ ದಶಕದ ಆರಂಭದಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಸ್ಪತ್ರೆಯ ಆಂಟನಿ ವೈಟ್ ಒಬ್ಬ ಬಾಲಕನ ತೊಡೆಮೂಳೆಯ ತಲೆ ಮತ್ತು ಕತ್ತನ್ನು ಗರಗಸದಿಂದ ಕೊಯ್ದು ತೆಗೆದರು. ಈಥರ್ ಬರಲು ಇನ್ನೂ ಎರಡು ದಶಕ ಬಾಕಿಯಿತ್ತು, ಹುಡುಗ ಎಚ್ಚರವಾಗಿಯೇ ಇದ್ದ. ಸಹೋದ್ಯೋಗಿಗಳು ಇದು ಹುಚ್ಚುತನವೆಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಹುಡುಗ ಮಾತ್ರ ಬದುಕಿದ, ಕಾಲೂರಿ ನಡೆದ, ಕೆಲವು ವರ್ಷಗಳ ನಂತರ ಕ್ಷಯದಿಂದಲೇ ಸತ್ತ. ಅಂದರೆ ಕೀಲು ವಾಸಿಯಾಯಿತು, ರೋಗ ಆಗಲಿಲ್ಲ. 1854ರಲ್ಲಿ ನ್ಯೂಯಾರ್ಕಿನ ಲೂಯಿಸ್ ಸೇಯರ್ ಅಮೆರಿಕದಲ್ಲಿ ಇದೇ ಬಗೆಯ ಶಸ್ತ್ರಚಿಕಿತ್ಸೆಯನ್ನು ಯಶಸ್ವಿಯಾಗಿ ಮಾಡಿದರು. 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್, ಮರುವರ್ಷ ಎಡಿನ್‌ಬರೊದಲ್ಲಿ ಕ್ಲೋರೋಫಾರ್ಮ್ ಬಳಕೆಗೆ ಬಂದಿದ್ದವು. ಚಾಕುವಿಗೆ ಈಗ ಸಮಯ ಸಿಕ್ಕಿತು, ಆದರೆ ಕೊಯ್ದ ಗಾಯಕ್ಕೆ ನಂಜೇರುವುದು ನಿಲ್ಲಲಿಲ್ಲ.

ನಂಜಿನ ಮೇಲಿನ ಮೊದಲ ಹಿಡಿತ ಜೋಸೆಫ್ ಲಿಸ್ಟರ್ ಅವರದು. 1865ರ ಆಗಸ್ಟಿನಲ್ಲಿ ಗ್ಲಾಸ್ಗೋದಲ್ಲಿ ಕಾಲು ಮುರಿದುಕೊಂಡ 11 ವರ್ಷದ ಹುಡುಗನ ಗಾಯಕ್ಕೆ ಅವರು ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದರು, 1867ರಲ್ಲಿ ತಮ್ಮ ಪದ್ಧತಿಯನ್ನು ಪ್ರಕಟಿಸಿದರು. ನಂಜುರೋಧಕ ಸಿಕ್ಕಿದ ಧೈರ್ಯದಲ್ಲಿ ಯುರೋಪಿನ ಶಸ್ತ್ರವೈದ್ಯರು ಮಕ್ಕಳ ಕ್ಷಯದ ಕೀಲುಗಳನ್ನು ಹೆಚ್ಚು ಹೆಚ್ಚಾಗಿ ಕೊಯ್ದು ತೆಗೆಯತೊಡಗಿದರು. ಅದು ಅತಿಗೆ ಹೋಯಿತೆಂದೇ ಹೇಳಬೇಕು. ಬೆಳೆಯುವ ಮಗುವಿನ ತೊಡೆಮೂಳೆಯ ತಲೆಯನ್ನು ಬೆಳವಣಿಗೆಯ ಫಲಕದ ಸಮೇತ ತೆಗೆದರೆ ಆ ಕಾಲು ಮತ್ತೊಂದರ ಸಮಕ್ಕೆ ಬೆಳೆಯುವುದಿಲ್ಲ. ಸಾಲದ್ದಕ್ಕೆ, ಗಾಯ ಮಾಯದೆ ತೂತಾಗಿ ಉಳಿದು ವರ್ಷಗಟ್ಟಲೆ ಕೀವು ಸುರಿಯುತ್ತಿತ್ತು.

ಇದಕ್ಕೆ ಎದುರು ನಿಂತವರು ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್. ಅವರದು ವೇಲ್ಸ್‌ನ ಆಂಗಲ್ಸಿ ದ್ವೀಪದಿಂದ ಬಂದ, ತಲೆಮಾರುಗಳಿಂದ ಮೂಳೆ ಕಟ್ಟುತ್ತಿದ್ದ ನಾಟಿ ವೈದ್ಯರ ಮನೆತನ. ಆ ಮನೆತನದಲ್ಲಿ ವೈದ್ಯಕೀಯ ಪದವಿ ಪಡೆದ ಥಾಮಸ್ ನೆಲ್ಸನ್ ಬೀದಿಯ ತಮ್ಮ ಮನೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು, ಭಾನುವಾರ ಬಡವರಿಗೆ ಪುಕ್ಕಟೆ. 1875ರಲ್ಲಿ ಅವರು ಸೊಂಟ, ಮೊಣಕಾಲು, ಕಣಕಾಲು ಕೀಲುಗಳ ರೋಗಗಳ ಬಗ್ಗೆ ಬರೆದ ಪುಸ್ತಕ ಪ್ರಕಟವಾಯಿತು. ರೋಗ ಹಿಡಿದ ಕೀಲಿಗೆ ಪೂರ್ತಿ, ನಡುವೆ ಬಿಡುವಿಲ್ಲದ, ದೀರ್ಘಕಾಲದ ವಿಶ್ರಾಂತಿ ಕೊಡಬೇಕೆಂಬುದು ಅವರ ಏಕೈಕ ವಾದ. ಅದಕ್ಕಾಗಿ ಮಾಡಿದ ಕಬ್ಬಿಣದ ಸ್ಪ್ಲಿಂಟ್ ಮಗುವಿನ ಬೆನ್ನಿನಿಂದ ಹಿಡಿದು ಮೀನಖಂಡದವರೆಗೆ ಇಳಿಯುತ್ತಿತ್ತು. ಎದೆ, ತೊಡೆ, ಕಾಲಿಗೆ ಒಂದೊಂದು ಪಟ್ಟಿ. ಚೆನ್ನಾಗಿರುವ ಪಾದದಡಿ ಎತ್ತರದ ಮೆಟ್ಟು ಕಟ್ಟಿ, ಕಂಕುಳಿಗೆ ಊರುಗೋಲು ಕೊಟ್ಟರೆ ರೋಗದ ಕಾಲು ನೆಲ ಮುಟ್ಟದೆ ತೂಗಾಡುತ್ತಿತ್ತು. ಹೀಗೆ ಮಗು ಆಸ್ಪತ್ರೆ ಸೇರದೆ ಮನೆಯಲ್ಲೇ ಓಡಾಡಿಕೊಂಡು ತಿಂಗಳುಗಳನ್ನು, ಕೆಲವೊಮ್ಮೆ ವರ್ಷಗಳನ್ನು ಕಳೆಯುತ್ತಿತ್ತು.

ಥಾಮಸ್ ಹೇಳಿಕೊಟ್ಟ ಪರೀಕ್ಷೆಯೊಂದು ಇಂದಿಗೂ ಎಲ್ಲ ವೈದ್ಯಕೀಯ ಕಾಲೇಜುಗಳಲ್ಲಿ ನಡೆಯುತ್ತದೆ. ಸೊಂಟದ ಕೀಲು ಮಡಚಿ ಗಟ್ಟಿಯಾದ ಮಗುವನ್ನು ಅಂಗಾತ ಮಲಗಿಸಿದರೆ ಎರಡೂ ಕಾಲು ನೆಟ್ಟಗಿರುವಂತೆಯೇ ತೋರುತ್ತದೆ. ಮಗು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಕುಂದನ್ನು ಮುಚ್ಚಿಕೊಂಡಿರುತ್ತದೆ. ವೈದ್ಯ ಒಂದು ಅಂಗೈಯನ್ನು ಬೆನ್ನಿನಡಿ ತೂರಿಸಿ, ಚೆನ್ನಾಗಿರುವ ಕಾಲಿನ ತೊಡೆಯನ್ನು ಬೆನ್ನು ಅಂಗೈಗೆ ತಾಕುವ ತನಕ ಹೊಟ್ಟೆಯ ಕಡೆಗೆ ಮಡಚಬೇಕು. ಆಗ ರೋಗದ ಕಾಲು ತಾನಾಗಿ ಹಾಸಿಗೆಯಿಂದ ಮೇಲೇಳುತ್ತದೆ. ಎಷ್ಟು ಎದ್ದಿತೋ ಅಷ್ಟು ಕೀಲು ಬಿಗಿದಿದೆ ಎಂದು ಲೆಕ್ಕ. ಯಾವ ಉಪಕರಣವೂ ಬೇಡದ ಈ ಪರೀಕ್ಷೆ ಎಕ್ಸ್-ರೇ ಬರುವುದಕ್ಕೆ 20 ವರ್ಷ ಮೊದಲಿನದು.

ವಿಶ್ರಾಂತಿಯ ಜತೆ ಗಾಳಿ, ಬಿಸಿಲು, ಕಡಲು ಸೇರಿದವು. ಇಂಗ್ಲೆಂಡಿನ ಮಾರ್ಗೇಟ್‌ನಲ್ಲಿ 18ನೇ ಶತಮಾನದ ಕೊನೆಗೇ ಕಡಲತೀರದ ಆಸ್ಪತ್ರೆಯಿತ್ತು. ಫ್ರಾನ್ಸಿನ ಬೆರ್ಕ್‌ನಲ್ಲಿ 1869ರಲ್ಲಿ ಮಕ್ಕಳ ದೊಡ್ಡ ಆಸ್ಪತ್ರೆ ತೆರೆಯಿತು. ಸ್ವಿಟ್ಜರ್‌ಲೆಂಡಿನ ಲೇಸಾಂ ಎಂಬಲ್ಲಿ 1903ರಿಂದ ಓಗ್ಯುಸ್ತ್ ರೋಲಿಯೆ ಬೆಟ್ಟದ ಬಿಸಿಲಿನಲ್ಲಿ ಮಕ್ಕಳನ್ನು ಸಾಲಾಗಿ ಮಲಗಿಸಿದರು. ಬೆರ್ಕ್‌ನ ಫ್ರಾಂಸ್ವಾ ಕಾಲೊ ಕ್ಷಯದ ‘ತಣ್ಣನೆಯ’ ಬಾವನ್ನು ಚಾಕುವಿನಿಂದ ತೆರೆಯಲೇಬಾರದೆಂದು ಹಟ ಹಿಡಿದವರು. ಬೇಕಿದ್ದರೆ ಸೂಜಿಯಿಂದ ಎಳೆದು ತೆಗೆಯಬಹುದು, ತೆರೆದರೆ ಆ ಬಾಗಿಲಿನಿಂದ ಬೇರೆ ಬ್ಯಾಕ್ಟೀರಿಯಾ ಒಳಹೊಕ್ಕು ಮಗುವನ್ನು ಕೊಲ್ಲುತ್ತವೆ ಎಂಬುದು ಅವರ ಅನುಭವ. ಔಷಧವಿಲ್ಲದ ಕಾಲಕ್ಕೆ ಅದು ಸರಿಯಾದ ತೀರ್ಮಾನವೇ ಆಗಿತ್ತು. ಬ್ರಿಟನ್ನಿನಲ್ಲಿ ಮೂಳೆ-ಕೀಲಿನ ಕ್ಷಯದ ಒಂದು ಪಾಲು ರೋಗದ ಹಸುಗಳ ಕಾಯಿಸದ ಹಾಲಿನಿಂದ ಬರುತ್ತಿತ್ತು. ಹಾಲನ್ನು ಉಕ್ಕಿಸಿಯೇ ಕುಡಿಯುವ ಭಾರತದಲ್ಲಿ ಆ ದಾರಿ ಅಷ್ಟು ದೊಡ್ಡದಾಗಲಿಲ್ಲ. ಇಲ್ಲಿ ಮಕ್ಕಳಿಗೆ ಕ್ಷಯ ಬಂದದ್ದು ಹೆಚ್ಚಾಗಿ ಮನೆಯಲ್ಲಿ ಕೆಮ್ಮುವ ದೊಡ್ಡವರಿಂದ.

ಕೀವಿನ ಸೋಂಕು ಬೇರೆಯದೇ ರೋಗವೆಂದು ಮೊದಲು ಸ್ಪಷ್ಟವಾಗಿ ಬರೆದವರು ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯ ಥಾಮಸ್ ಸ್ಮಿತ್. 1874ರಲ್ಲಿ ಆ ಆಸ್ಪತ್ರೆಯ ವರದಿ ಸಂಪುಟದಲ್ಲಿ ಎಳೆಕೂಸುಗಳ ತೀವ್ರ ಕೀಲುರಿ ಕುರಿತ ಅವರ ಲೇಖನ ಬಂತು. ಅವರು ನೋಡಿದ್ದು 21 ಕೂಸುಗಳನ್ನು. ಹೆಚ್ಚಿನವು ಉಳಿಯಲಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಯಾವುದೋ ಕೀಲಿನಲ್ಲಿ ಇದ್ದಕ್ಕಿದ್ದಂತೆ ಕೀವು ತುಂಬುತ್ತದೆ, ವಾರಗಳಲ್ಲ, ದಿನಗಳಲ್ಲಿ ಮೂಳೆಯ ತುದಿ ನಾಶವಾಗುತ್ತದೆ. ಬದುಕಿದ ಕೂಸುಗಳ ಕೀಲು ಬಿಗಿಯುವುದಿಲ್ಲ, ಬದಲಿಗೆ ಸಡಿಲವಾಗಿ, ಹಿಡಿತವಿಲ್ಲದಂತಾಗಿ ಉಳಿಯುತ್ತದೆ. ಈ ಕೊನೆಯ ಅಂಶವೇ ಕ್ಷಯಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ. ಕ್ಷಯದಲ್ಲಿ ಕೀಲು ಮಡಚಿ ಗಟ್ಟಿಯಾಗುತ್ತದೆ, ಎಳೆಕೂಸಿನ ಕೀವಿನ ಸೋಂಕಿನಲ್ಲಿ ಮೂಳೆಯ ತಲೆಯೇ ಮಾಯವಾಗಿ ಕಾಲು ಮೇಲೆ ಕೆಳಗೆ ಜಾರುತ್ತದೆ. ಇಂಥ ಸೊಂಟವನ್ನು ಭಾರತದ ಮೂಳೆವೈದ್ಯರು ಇಂದೂ ‘ಟಾಮ್ ಸ್ಮಿತ್ ಕೀಲುರಿ’ ಎಂದೇ ಕರೆಯುತ್ತಾರೆ.

ಸ್ಮಿತ್ ಕಣ್ಣಿನಿಂದ ಕಂಡದ್ದಕ್ಕೆ ಕಾರಣ ಸಿಕ್ಕಿದ್ದು ಮುಂದಿನ ದಶಕದಲ್ಲಿ. ಸ್ಕಾಟ್ಲೆಂಡಿನ ಆಬರ್ಡೀನ್‌ನಲ್ಲಿ ಅಲೆಗ್ಸಾಂಡರ್ ಆಗ್ಸ್‌ಟನ್ 1880ರ ಹೊತ್ತಿಗೆ ಬಾವಿನ ಕೀವಿನಲ್ಲಿ ಗೊಂಚಲು ಗೊಂಚಲಾದ ಸೂಕ್ಷ್ಮಜೀವಿಗಳನ್ನು ಕಂಡು, ಬಳಿಕ ಅವಕ್ಕೆ ಸ್ಟಾಫಿಲೊಕಾಕಸ್ ಎಂದು ಹೆಸರಿಟ್ಟರು. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ಪ್ರಕಟಪಡಿಸಿದರು. ಎರಡೇ ವರ್ಷಗಳ ಅಂತರದಲ್ಲಿ ಎರಡು ರೋಗಗಳೂ ಬೇರೆಯಾದವು, ಕನಿಷ್ಠ ಪ್ರಯೋಗಾಲಯದಲ್ಲಿ. ವಾರ್ಡಿನಲ್ಲಿ ಬೇರೆಯಾಗಲು ಇನ್ನೂ ಹಲವು ವರ್ಷ ಹಿಡಿಯಿತು. 1895ರಲ್ಲಿ ಬಂದ ಎಕ್ಸ್-ರೇ ಕ್ಷಯದಲ್ಲಿ ಸವೆದ ಮೂಳೆಯನ್ನು ತೋರಿಸಿತು, ಆದರೆ ಕೀವಿನ ಸೋಂಕಿನ ಮೊದಲ ದಿನಗಳಲ್ಲಿ ಅದು ಹೆಚ್ಚೇನೂ ಹೇಳುತ್ತಿರಲಿಲ್ಲ. ಮೂಳೆಯಲ್ಲಿ ಬದಲಾವಣೆ ಕಾಣುವಷ್ಟರಲ್ಲಿ ಒಂದು ವಾರಕ್ಕೂ ಮೇಲಾಗಿರುತ್ತಿತ್ತು.

20ನೇ ಶತಮಾನದ ಮೊದಲ ದಶಕಗಳಲ್ಲಿ ಕೀವಿನ ಸೊಂಟಕ್ಕೆ ಒಪ್ಪಿತವಾದ ಚಿಕಿತ್ಸೆ ಕೀಲನ್ನು ತೆರೆದು ಬಸಿಯುವುದು. ಜಗಳ ನಡೆದದ್ದು ಎಲ್ಲಿಂದ ತೆರೆಯಬೇಕು ಎಂಬುದರ ಮೇಲೆ. 1924ರಲ್ಲಿ ಬಾಸ್ಟನ್ನಿನ ಫ್ರಾಂಕ್ ಓಬರ್ ಹಿಂಬದಿಯಿಂದ ತೆರೆಯುವ ವಿಧಾನವನ್ನು ಪ್ರಕಟಿಸಿದರು. ಮಗು ಬೆನ್ನ ಮೇಲೆ ಮಲಗಿರುತ್ತದಾದ್ದರಿಂದ ಕೀವು ತಾನಾಗಿ ಕೆಳಕ್ಕೆ ಬಸಿಯುತ್ತದೆ ಎಂಬುದು ಅದರ ತರ್ಕ. ತರ್ಕವೇನೋ ಚೆನ್ನಾಗಿತ್ತು, ಆದರೆ ಮೂಳೆಯ ತಲೆಗೆ ರಕ್ತ ಒಯ್ಯುವ ಮುಖ್ಯ ನಾಳ ಹಾದುಹೋಗುವುದೂ ಹಿಂಬದಿಯಲ್ಲೇ. ಜತೆಗೆ ಮಲಮೂತ್ರದ ಜಾಗಕ್ಕೆ ಹತ್ತಿರದ ಗಾಯವನ್ನು ಚಿಕ್ಕ ಮಗುವಿನಲ್ಲಿ ಶುಚಿಯಾಗಿಡುವುದು ಕಷ್ಟ. ಮುಂದಿನ ದಶಕಗಳಲ್ಲಿ ಹೆಚ್ಚಿನವರು ಮುಂಬದಿಯ ದಾರಿಗೆ ತಿರುಗಿದರು. ಅದು 1917ರಲ್ಲಿ ಮಾರಿಯಸ್ ಸ್ಮಿತ್-ಪೀಟರ್ಸನ್ ಬೇರೊಂದು ಉದ್ದೇಶಕ್ಕೆ ರೂಪಿಸಿದ ದಾರಿ.

ಈಗ ನಡೆಯುವ ಶಸ್ತ್ರಚಿಕಿತ್ಸೆ ಅದರದೇ ಕಿರಿದಾದ ರೂಪ. ತೊಡೆಸಂದಿಯ ಮಡಿಕೆಗೆ ಸಮನಾಗಿ ಸಣ್ಣ ಗೀರು ಹಾಕಿ, ಎರಡು ಮಾಂಸಖಂಡಗಳನ್ನು ಕತ್ತರಿಸದೆ ಬಿಡಿಸಿಕೊಂಡು ಒಳಗೆ ಹೋದರೆ ಕೀಲುಕೋಶ ಬಿಗಿದು ಉಬ್ಬಿರುವುದು ಬೆರಳಿಗೆ ತಿಳಿಯುತ್ತದೆ. ಅದನ್ನು ಕೊಯ್ದಾಗ ಕೀವು ಒತ್ತಡದಿಂದ ಚಿಮ್ಮುವುದೂ ಉಂಟು. ಮೊದಲು ಬಂದದ್ದನ್ನು ಪರೀಕ್ಷೆಗೆ ಹಿಡಿದಿಡಬೇಕು. ಬಳಿಕ ಕೀಲುಕೋಶದಲ್ಲಿ ಒಂದು ಕಿಟಕಿ ತೆಗೆದು, ಲವಣಜಲದಿಂದ ತಿಳಿಯಾಗುವ ತನಕ ತೊಳೆಯಬೇಕು. ಮೂಳೆಯ ಕತ್ತಿನಲ್ಲಿ ಕೀವಿರುವ ಅನುಮಾನವಿದ್ದರೆ ಅಲ್ಲಿಗೂ ಸಣ್ಣ ತೂತು ಕೊರೆಯಬೇಕು. ಚರ್ಮ ಹೊಲಿಯುತ್ತಾರೆ, ಕೀಲುಕೋಶವನ್ನು ಹೊಲಿಯುವುದಿಲ್ಲ. ಒಳಗೊಂದು ಬಸಿನಳಿಕೆ ಒಂದೆರಡು ದಿನ ಇರುತ್ತದೆ. ಸಡಿಲವಾದ ಕೀಲು ಜಾರಬಾರದೆಂದು ಕಾಲಿಗೆ ತೂಕ ಕಟ್ಟಿ ಎಳೆದಿಡುವುದು, ಎಳೆಕೂಸಾದರೆ ಕಾಲುಗಳನ್ನು ಅಗಲಿಸಿ ಪ್ಲಾಸ್ಟರ್ ಹಾಕುವುದು ವಾಡಿಕೆ.

ಆಕ್ಸ್‌ಫರ್ಡಿನ ಗ್ಯಾಥೋರ್ನ್ ಗರ್ಡಲ್‌ಸ್ಟನ್ ಹೆಸರಿನ ಶಸ್ತ್ರಚಿಕಿತ್ಸೆ ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ. 1928ರಲ್ಲಿ ಕ್ಷಯದ ಸೊಂಟಕ್ಕೂ 1943ರಲ್ಲಿ ಕೀವಿನ ಸೊಂಟಕ್ಕೂ ಅವರು ಮೂಳೆಯ ತಲೆ-ಕತ್ತುಗಳನ್ನು ತೆಗೆದು, ಬಟ್ಟಲಿನ ಅಂಚು ಕೆತ್ತಿ, ಗಾಯವನ್ನು ಅಗಲವಾಗಿ ತೆರೆದೇ ಬಿಡುವ ವಿಧಾನ ವಿವರಿಸಿದರು. ಅದು ಜೀವ ಉಳಿಸುವ ಉಗ್ರ ಉಪಾಯ. ಬೆಳೆಯುವ ಮಕ್ಕಳಿಗೆ ಅದನ್ನು ಮಾಡುವ ಅಗತ್ಯವನ್ನೇ ಕಡಿಮೆ ಮಾಡುವ ಕೆಲಸ ಅದೇ ಊರಿನ ಇನ್ನೊಂದು ಮೂಲೆಯಲ್ಲಿ ಆಗಲೇ ನಡೆದಿತ್ತು.

1941ರ ಫೆಬ್ರುವರಿ 12ರಂದು ಆಕ್ಸ್‌ಫರ್ಡಿನ ರಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ ಒಬ್ಬ ಪೊಲೀಸನಿಗೆ ಮೊದಲ ಬಾರಿ ಚಿಕಿತ್ಸೆಗೆಂದು ಶುದ್ಧೀಕರಿಸಿದ ಪೆನಿಸಿಲಿನ್ ಕೊಟ್ಟರು. ಆತ ಚೇತರಿಸಿಕೊಂಡ, ಔಷಧ ಮುಗಿಯಿತು, ಮತ್ತೆ ಕಾಯಿಲೆ ಬಿಗಡಾಯಿಸಿ ಸತ್ತ. ಅದೇ ತಿಂಗಳು ಔಷಧ ಪಡೆದ ಎರಡನೆಯ ರೋಗಿ 15 ವರ್ಷದ ಹುಡುಗ. ಸೊಂಟದ ಆಪರೇಷನ್ನಿನ ಗಾಯಕ್ಕೆ ಸ್ಟ್ರೆಪ್ಟೊಕಾಕಸ್ ತಗಲಿ ಅವನು ಸಾವಿನಂಚಿನಲ್ಲಿದ್ದ. ಮೂರು ಗಂಟೆಗೊಮ್ಮೆ ಪೆನಿಸಿಲಿನ್ ಕೊಟ್ಟ ಮೇಲೆ ಜ್ವರ ಇಳಿಯಿತು, ಹುಡುಗ ಬದುಕಿದ. ಔಷಧ ಎಷ್ಟು ದುರ್ಲಭವೆಂದರೆ ರೋಗಿಗಳ ಮೂತ್ರವನ್ನು ಶೇಖರಿಸಿ, ಅದರಿಂದ ಪೆನಿಸಿಲಿನ್ನನ್ನು ಮತ್ತೆ ಬೇರ್ಪಡಿಸಿ ಬಳಸುತ್ತಿದ್ದರು. ಹೊಸ ಔಷಧ ಉಳಿಸಿದ ಮೊದಲ ಜೀವಗಳಲ್ಲಿ ಒಂದು ಹೀಗೆ ನಂಜೇರಿದ ಸೊಂಟದ್ದಾಗಿತ್ತು. ಅದಕ್ಕೆ ಮೊದಲು 1935ರಿಂದ ಬಳಕೆಯಲ್ಲಿದ್ದ ಸಲ್ಫಾ ಔಷಧಗಳು ಕೀವು ತುಂಬಿದ ಜಾಗದಲ್ಲಿ ಸೋಲುತ್ತಿದ್ದವು. ಪೆನಿಸಿಲಿನ್ ಹಾಗಲ್ಲ. 1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು, ಮುಂದಿನ ಹತ್ತು ವರ್ಷದೊಳಗೆ ಕ್ಷಯಕ್ಕೂ ಪರಿಣಾಮಕಾರಿ ಔಷಧಗಳ ಜೋಡಣೆ ಸಿದ್ಧವಾಯಿತು. ಕಡಲತೀರದ ಆಸ್ಪತ್ರೆಗಳ ಮಂಚಗಳು ಒಂದೊಂದಾಗಿ ಖಾಲಿಯಾದವು.

ಔಷಧ ಬಂದ ಮೇಲೆ ಚಾಕುವಿನ ಅವಸರ ಕಡಿಮೆಯಾಗಬೇಕಿತ್ತು. ಕೀವಿನ ಸೊಂಟದ ವಿಷಯದಲ್ಲಿ ಆದದ್ದು ಅದಕ್ಕೆ ತದ್ವಿರುದ್ಧ. ಮಕ್ಕಳು ಸಾಯುವುದು ಬಹುಮಟ್ಟಿಗೆ ನಿಂತಿತು, ಕುಂಟರಾಗುವುದು ನಿಲ್ಲಲಿಲ್ಲ. ಪೆನಿಸಿಲಿನ್ ಚುಚ್ಚಿ ಎರಡು ಮೂರು ದಿನ ಕಾದು ನೋಡಿದ ಕೂಸುಗಳ ಜ್ವರವೇನೋ ಇಳಿಯುತ್ತಿತ್ತು, ಅಷ್ಟರಲ್ಲಿ ಮೂಳೆಯ ತಲೆ ಹೋಗಿರುತ್ತಿತ್ತು. ಇದೇಕೆಂದು ತೋರಿಸಿದವರು ಜೋಸೆಪ್ ಟ್ರುಎಟಾ. ಅವರು ಬಾರ್ಸಿಲೋನಾದ ಕ್ಯಾಟಲನ್ ಶಸ್ತ್ರವೈದ್ಯ. ಸ್ಪೇನಿನ ಅಂತರ್ಯುದ್ಧದಲ್ಲಿ ವಿಮಾನದಾಳಿಯ ಗಾಯಾಳುಗಳಿಗೆ ಚಿಕಿತ್ಸೆ ಮಾಡಿ, 1939ರಲ್ಲಿ ದೇಶ ಬಿಟ್ಟು ಇಂಗ್ಲೆಂಡಿಗೆ ಬಂದವರು. 1949ರಲ್ಲಿ ಅವರು, ಹಿಂದೆ ಗರ್ಡಲ್‌ಸ್ಟನ್ ಕೂತಿದ್ದ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಪೀಠಕ್ಕೆ ಬಂದರು.

ಟ್ರುಎಟಾ ಬೆಳೆಯುವ ಮಕ್ಕಳ ತೊಡೆಮೂಳೆಯ ರಕ್ತನಾಳಗಳಿಗೆ ಬಣ್ಣದ ದ್ರವ್ಯ ತುಂಬಿ ನೋಡಿ 1957ರಲ್ಲಿ ಅವುಗಳ ಚಿತ್ರ ಬರೆದರು. ಸುಮಾರು ನಾಲ್ಕರಿಂದ ಏಳು ವರ್ಷದ ನಡುವೆ ಮೂಳೆಯ ತಲೆ ಹೆಚ್ಚುಕಡಿಮೆ ಒಂದೇ ಗುಂಪಿನ ನಾಳಗಳನ್ನು ನಂಬಿಕೊಂಡಿರುತ್ತದೆ, ಆ ನಾಳಗಳು ಕೀಲುಕೋಶದೊಳಗೇ ಏರುತ್ತವೆ ಎಂದು ತೋರಿಸಿದರು. 1959ರ ಲೇಖನದಲ್ಲಿ ಎಳೆಕೂಸು, ಮಕ್ಕಳು, ದೊಡ್ಡವರು ಎಂದು ಮೂಳೆಸೋಂಕನ್ನು ಮೂರಾಗಿ ವಿಂಗಡಿಸಿದರು. ಮೊದಲ ಒಂದು ವರ್ಷದ ಆಸುಪಾಸಿನಲ್ಲಿ ರಕ್ತನಾಳಗಳು ಬೆಳವಣಿಗೆಯ ಫಲಕವನ್ನು ದಾಟಿ ಮೂಳೆಯ ತಲೆಗೇ ಹೋಗುತ್ತವೆ. ಆದ್ದರಿಂದ ಕೂಸಿನಲ್ಲಿ ಸೋಂಕು ಫಲಕವನ್ನೂ ತಲೆಯನ್ನೂ ಕೀಲನ್ನೂ ಒಟ್ಟಿಗೆ ಹಿಡಿಯುತ್ತದೆ. ಮುಂದೆ ಆ ನಾಳಗಳು ಮುಚ್ಚಿ ಫಲಕವೇ ತಡೆಗೋಡೆಯಾಗುತ್ತದೆ. ಸುಮಾರು 85 ವರ್ಷದ ಹಿಂದೆ ಟಾಮ್ ಸ್ಮಿತ್ ಕಂಡ ಮಾಯವಾದ ತಲೆಗೆ ಕೊನೆಗೂ ವಿವರಣೆ ಸಿಕ್ಕಿದ್ದು ಹೀಗೆ. 1960ರಲ್ಲಿ ಅಮೆರಿಕದ ಒಬ್ಲೆಟ್ಜ್ ನವಜಾತ ಶಿಶುಗಳ ಕೀವಿನ ಸೊಂಟದ ಬಗ್ಗೆ ಬರೆಯುತ್ತ ತಕ್ಷಣ ತೆರೆಯಬೇಕೆಂದು ಒತ್ತಿಹೇಳಿದರು. ಕೀವು ಗೊತ್ತಾದ ದಿನವೇ ತೆಗೆಯಬೇಕು, ರಾತ್ರಿ ಕಳೆಯಲಿ ಎನ್ನಬಾರದು ಎಂಬುದು ಅಲ್ಲಿಂದ ಮುಂದೆ ಮೂಳೆವೈದ್ಯರ ಮೊದಲ ಪಾಠಗಳಲ್ಲಿ ಒಂದಾಯಿತು.

ಗೊತ್ತಾಗುವುದೇ ಕಷ್ಟವಾದರೆ? ಹಸುಗೂಸಿಗೆ ಜ್ವರ ಬಾರದೆಯೂ ಇರಬಹುದು. ಅದು ಒಂದು ಕಾಲನ್ನು ಮಾತ್ರ ಅಲ್ಲಾಡಿಸುವುದಿಲ್ಲ, ಬಟ್ಟೆ ಬದಲಿಸುವಾಗ ಕಾಲಗಲಿಸಿದರೆ ಕಿರುಚುತ್ತದೆ, ತೊಡೆಯನ್ನು ಮಡಚಿ ಹೊರಕ್ಕೆ ತಿರುಗಿಸಿಕೊಂಡು ಮಲಗಿರುತ್ತದೆ. ಆ ಭಂಗಿಯಲ್ಲಿ ಕೀಲುಕೋಶ ಹೆಚ್ಚು ಸಡಿಲವಾಗಿ ನೋವು ತುಸು ಕಡಿಮೆಯಾಗುತ್ತದೆ. ಸೋಂಕಿನ ಮೂಲ ಹೊಕ್ಕುಳ ನಂಜೋ ಚರ್ಮದ ಗುಳ್ಳೆಯೋ ಆಗಿರಬಹುದು. ತೊಡೆಸಂದಿಯಲ್ಲಿ ರಕ್ತ ತೆಗೆಯಲು ಚುಚ್ಚಿದ ಸೂಜಿ ಕೀಲನ್ನು ತಲುಪಿ ಸೋಂಕಾದ ಪ್ರಸಂಗಗಳು 1960–70ರ ದಶಕಗಳಲ್ಲಿ ವರದಿಯಾದ ಮೇಲೆ ಆ ಅಭ್ಯಾಸವೂ ಹಿಂದೆ ಸರಿಯಿತು. ಸ್ವಲ್ಪ ದೊಡ್ಡ ಮಕ್ಕಳಲ್ಲಿ ತೊಡಕು ಬೇರೆ. ನೆಗಡಿ ಜ್ವರದ ನಂತರ ಸೊಂಟದಲ್ಲಿ ನೀರು ತುಂಬಿ, ತಾನಾಗಿ ಇಳಿದುಹೋಗುವ ಸಾಧು ಕಾಯಿಲೆಯೊಂದಿದೆ. ಕುಂಟುವ ಮಕ್ಕಳಲ್ಲಿ ಅದೇ ಹೆಚ್ಚು. ಎಲ್ಲರನ್ನೂ ಕೊಯ್ಯುವಂತಿಲ್ಲ, ಯಾರನ್ನೂ ಬಿಡುವಂತಿಲ್ಲ.

ಇದಕ್ಕೆ ಉತ್ತರವಾಗಿ 1999ರಲ್ಲಿ ಬಾಸ್ಟನ್ನಿನ ಮಿನಿಂದರ್ ಕೋಚರ್ ಮತ್ತು ಸಂಗಡಿಗರು ನಾಲ್ಕು ಗುರುತುಗಳನ್ನು ಮುಂದಿಟ್ಟರು. ಜ್ವರ, ಕಾಲೂರಲಾಗದಿರುವುದು, ಗಂಟೆಗೆ 40 ಮಿ.ಮೀ. ಮೀರಿದ ಇ.ಎಸ್.ಆರ್. (ಕೆಂಪು ರಕ್ತಕಣಗಳು ತಳಕ್ಕಿಳಿಯುವ ವೇಗ), ರಕ್ತದ ಪ್ರತಿ ಘನ ಮಿ.ಮೀ.ಗೆ 12,000 ಮೀರಿದ ಬಿಳಿ ರಕ್ತಕಣ. ಅವರ ಲೆಕ್ಕದಲ್ಲಿ ನಾಲ್ಕೂ ಇದ್ದರೆ ಕೀವಿನ ಸಂಭವ ಶೇ. 99.6, ಒಂದೂ ಇಲ್ಲದಿದ್ದರೆ ಶೇ. 0.2ಕ್ಕಿಂತ ಕಡಿಮೆ. 2004ರಲ್ಲಿ ಇನ್ನೊಂದು ಅಮೆರಿಕನ್ ತಂಡ ತನ್ನ ರೋಗಿಗಳ ಮೇಲೆ ಅದನ್ನೇ ಪರೀಕ್ಷಿಸಿದಾಗ ನಾಲ್ಕೂ ಇದ್ದವರಲ್ಲಿ ಸಂಭವ ಶೇ. 59 ಮಾತ್ರ. ಕೋಷ್ಟಕಗಳು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹಾಗೇ ಹೊತ್ತೊಯ್ಯುವ ಸಾಮಾನಲ್ಲ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. 2006ರಿಂದ, ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ಸಿ.ಆರ್.ಪಿ. ಪರೀಕ್ಷೆಯೂ ಆ ಪಟ್ಟಿಗೆ ಸೇರಿತು. ನಿಜವಾದ ಬದಲಾವಣೆ ತಂದದ್ದು ಬಹುಶಃ ಅಲ್ಟ್ರಾಸೌಂಡ್. ಹಾಸಿಗೆಯ ಪಕ್ಕದಲ್ಲೇ ಕೀಲಿನೊಳಗಿನ ನೀರು ಕಾಣುವಂತಾಗಿ, ಅದನ್ನು ನೋಡುತ್ತಲೇ ಸೂಜಿ ಹಾಕಿ ಎಳೆದು ಪರೀಕ್ಷಿಸುವುದು ಸುಲಭವಾಯಿತು.

ಬ್ಯಾಕ್ಟೀರಿಯಾಗಳೂ ಬದಲಾದವು. ಸ್ಟಾಫಿಲೊಕಾಕಸ್ ಮೊದಲ ಸ್ಥಾನ ಬಿಡಲಿಲ್ಲ, ಪೆನಿಸಿಲಿನ್ನನ್ನು ಬಹುಬೇಗ ಜಯಿಸಿತು, ಮುಂದೆ ಮೆಥಿಸಿಲಿನ್ನನ್ನೂ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚಾಗಿದ್ದ ಹೀಮೊಫಿಲಸ್ ಸೋಂಕು 1980ರ ದಶಕದ ಕೊನೆಯಲ್ಲಿ ಲಸಿಕೆ ಬಂದ ಮೇಲೆ ಲಸಿಕೆ ಹಾಕಿದ ದೇಶಗಳಲ್ಲಿ ಅಪರೂಪವಾಯಿತು. ಭಾರತದಲ್ಲಿ ಆ ಲಸಿಕೆ ಪಂಚಸಂಯೋಜಿತ ಲಸಿಕೆಯ ಭಾಗವಾಗಿ 2011ರ ಕೊನೆಗೆ ಕೇರಳ, ತಮಿಳುನಾಡುಗಳಲ್ಲಿ ಸರ್ಕಾರಿ ಕಾರ್ಯಕ್ರಮ ಸೇರಿ, ಬಳಿಕ ಕರ್ನಾಟಕವೂ ಸೇರಿದಂತೆ ಉಳಿದ ರಾಜ್ಯಗಳಿಗೆ ಹಬ್ಬಿತು. ಕೀಲಿನ ಕೀವನ್ನು ರಕ್ತಪರೀಕ್ಷೆಯ ಬಾಟಲಿಯಲ್ಲಿ ಬೆಳೆಸಿ ನೋಡಿದ ಇಸ್ರೇಲಿ ವೈದ್ಯರು 1992ರಲ್ಲಿ ಕಿಂಗೆಲ್ಲಾ ಎಂಬ ಸೌಮ್ಯ ಸ್ವಭಾವದ ಬ್ಯಾಕ್ಟೀರಿಯಾ ಚಿಕ್ಕಮಕ್ಕಳಲ್ಲಿ ಎಷ್ಟು ಸಾಮಾನ್ಯವೆಂದು ತೋರಿಸಿದರು.

ಕೊಯ್ಯುವ ಗೀರು ಈಗ ಮತ್ತೆ ಕಿರಿದಾಗುತ್ತಿದೆ. 1990ರ ದಶಕದಿಂದ ಕೆಲವರು ಸಣ್ಣ ತೂತಿನ ಮೂಲಕ ದರ್ಶಕನಳಿಕೆ ಹಾಕಿ ಕೀಲನ್ನು ತೊಳೆಯುತ್ತಿದ್ದಾರೆ. ಇನ್ನು ಕೆಲವರು ಅಲ್ಟ್ರಾಸೌಂಡ್ ನೋಡಿಕೊಂಡು ದಿನಕ್ಕೊಮ್ಮೆ ಸೂಜಿಯಿಂದಲೇ ಎಳೆಯುತ್ತಾರೆ. ಫಿನ್‌ಲೆಂಡಿನ ಹೈಕಿ ಪೆಲ್ಟೊಲಾ ತಂಡ 2009–10ರಲ್ಲಿ ಪ್ರಕಟಿಸಿದ ಅಧ್ಯಯನಗಳು ಸುಮಾರು ಹತ್ತು ದಿನದ ಔಷಧ ಬಹುತೇಕರಿಗೆ ಸಾಕು, ಸೊಂಟವನ್ನೂ ಎಲ್ಲರಲ್ಲಿ ತೆರೆಯಬೇಕಿಲ್ಲ ಎಂದವು. ಅಲ್ಲಿನ ಮಕ್ಕಳು ಕಾಯಿಲೆಯ ಮೊದಲ ದಿನಗಳಲ್ಲೇ ಆಸ್ಪತ್ರೆಗೆ ಬರುತ್ತಾರೆಂಬುದನ್ನು ಮರೆತು ಆ ತೀರ್ಮಾನವನ್ನು ಇಲ್ಲಿಗೆ ತರುವುದು ಅಪಾಯ. ಉಳುಕಿದೆಯೆಂದು ನೀವಿಸಿ, ಹೊಟ್ಟೆಗೋ ಕಾಲಿಗೋ ಬರೆ ಹಾಕಿಸಿ, ಸಿಕ್ಕಿದ ಮಾತ್ರೆ ನುಂಗಿಸಿ ವಾರ ಕಳೆದು ಬರುವ ಮಗುವಿನ ಕೀಲಿನಲ್ಲಿ ಕೀವು ಗಟ್ಟಿಕಟ್ಟಿ ಸೂಜಿಗೆ ಬಾರದಂತಾಗಿರುತ್ತದೆ. ಆಗ ತೆರೆದು ತೊಳೆಯದೆ ದಾರಿಯಿಲ್ಲ.

ಕ್ಷಯದ ಸೊಂಟ ಶ್ರೀಮಂತ ದೇಶಗಳ ಪಠ್ಯಪುಸ್ತಕಗಳಲ್ಲಿ ಹಳೆಯ ಅಧ್ಯಾಯವಾದಾಗ ಅದರ ಹೊಸ ಅಧ್ಯಾಯ ಬರೆದದ್ದು ಭಾರತ. ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಸ್.ಎಂ. ತುಲಿ ‘ಮಧ್ಯಮ ಮಾರ್ಗ’ವನ್ನು ರೂಪಿಸಿದರು. ಎಲ್ಲರಿಗೂ ಔಷಧ, ಕಾಲಿಗೆ ಎಳೆತ, ನೋವು ಇಳಿದಂತೆ ಕೀಲಿಗೆ ಚಲನೆ, ಇವಕ್ಕೆ ಬಗ್ಗದಿದ್ದರೆ ಮಾತ್ರ ಚಾಕು. ಪಶ್ಚಿಮದಲ್ಲಿ ಹಾಳಾದ ಸೊಂಟವನ್ನು ಬೆಸೆದು ಗಟ್ಟಿಮಾಡುವುದೇ ಗುರಿಯಾಗಿತ್ತು. ಕುರ್ಚಿಯ ಮೇಲೆ ಕೂರುವವರಿಗೆ ಅದು ನಡೆದೀತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವ, ಕುಕ್ಕರಗಾಲಿನಲ್ಲಿ ಶೌಚಕ್ಕೆ ಕೂರುವ ಜನಕ್ಕೆ ಬೆಸೆದ ಸೊಂಟ ದಿನಕ್ಕೆ ಹತ್ತು ಸಲ ಕಾಡುತ್ತದೆ. 1981ರಲ್ಲಿ ತುಲಿ ಮತ್ತು ಮುಖರ್ಜಿ ಕ್ಷಯ ಹಾಗೂ ಕೀವಿನ ಸೊಂಟಗಳಿಗೆ ಗರ್ಡಲ್‌ಸ್ಟನ್ ಮಾದರಿಯ ಶಸ್ತ್ರಚಿಕಿತ್ಸೆ ಮಾಡಿದ ಅನುಭವವನ್ನು ಪ್ರಕಟಿಸಿದರು. ಕಾಲು ತುಸು ಗಿಡ್ಡವಾದರೂ ಆ ರೋಗಿಗಳು ನೆಲದ ಮೇಲೆ ಕೂರಬಲ್ಲವರಾಗಿದ್ದರು. ಬೆಳವಣಿಗೆ ಮುಗಿಯದ ಮಕ್ಕಳಲ್ಲಿ ಮಾತ್ರ ಇದನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ. ಮದ್ರಾಸಿನ ಟಿ.ಕೆ. ಷಣ್ಮುಗಸುಂದರಂ 1983ರಲ್ಲಿ ಕ್ಷಯದ ಸೊಂಟದ ಎಕ್ಸ್-ರೇಗಳನ್ನು ಏಳು ಬಗೆಗಳಾಗಿ ವಿಂಗಡಿಸಿದರು. ಬಟ್ಟಲು ಮೇಲೆ ಸರಿದದ್ದು, ಕೀಲು ಜಾರಿದ್ದು, ಒರಳು-ಒನಕೆಯಂತೆ ಸವೆದದ್ದು ಮುಂತಾದ ಆ ಬಗೆಗಳಿಂದ ಚಿಕಿತ್ಸೆಯ ಫಲ ಏನಾದೀತೆಂದು ಮೊದಲೇ ಅಂದಾಜು ಮಾಡಬಹುದು.

ಇನ್ನುಳಿಯುವುದು ತಡವಾಗಿ ಸಿಕ್ಕಿದ ಅಥವಾ ಸಿಗಲೇ ಇಲ್ಲದ ಕೂಸುಗಳು. ಇವರು ನಡೆಯಲು ಕಲಿತಾಗಲಷ್ಟೇ ಮನೆಯವರಿಗೆ ಕುಂಟು ಕಾಣುತ್ತದೆ. ಪೋಲಿಯೊ ಇದ್ದ ಕಾಲದಲ್ಲಿ ಅದನ್ನೂ ಪೋಲಿಯೊ ಎಂದುಕೊಂಡದ್ದುಂಟು. ಇಂಥ ಸೊಂಟಗಳನ್ನು 1990ರಲ್ಲಿ ಕೊರಿಯಾದ ಚೊಯ್ ಮತ್ತು ಅಮೆರಿಕದ ಅವರ ಸಂಗಡಿಗರು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಮೊದಲ ದರ್ಜೆಯಲ್ಲಿ ಕುಂದು ಇಲ್ಲವೇ ಇಲ್ಲವೆನ್ನುವಷ್ಟು, ನಾಲ್ಕನೆಯದರಲ್ಲಿ ತಲೆಯೂ ಕತ್ತೂ ನಾಶ. ತಲೆಯಿಲ್ಲದ ಸೊಂಟಕ್ಕೆ ಹೊಸ ತಲೆ ಕಟ್ಟುವ ಪ್ರಯತ್ನ 1930–40ರ ದಶಕಗಳಿಂದಲೂ ನಡೆದಿದೆ. ತೊಡೆಮೂಳೆಯ ಪಕ್ಕದ ಗಂಟಿಗೆ ಮೃದ್ವಸ್ಥಿಯ ಹೊದಿಕೆಯಿರುವುದರಿಂದ ಅದನ್ನೇ ಬಟ್ಟಲಿನೊಳಗೆ ಕೂರಿಸುವ ಉಪಾಯ ಅದು. ಕೀಲು ಸ್ವಲ್ಪ ಕಾಲ ನಿಲ್ಲುತ್ತದೆ, ವರ್ಷ ಕಳೆದಂತೆ ಗಡುಸಾಗುತ್ತದೆ. ಇನ್ನೊಂದು ದಾರಿಯ ಬೇರು ವಿಯೆನ್ನಾದ ಲೊರೆಂಜ್ ಮತ್ತು ಜರ್ಮನಿಯ ಷಾಂಜ್ ಅವರಲ್ಲಿದೆ. ತೊಡೆಮೂಳೆಯನ್ನು ಮೇಲ್ಭಾಗದಲ್ಲಿ ಕತ್ತರಿಸಿ ಕೋನ ಕೊಟ್ಟು, ಸೊಂಟದ ಮೂಳೆ ಅದರ ಮೇಲೆ ಒರಗುವಂತೆ ಮಾಡುವುದು. ರಷ್ಯಾದ ಕುರ್ಗಾನ್‌ನಲ್ಲಿ ಇಲಿಜಾರೊವ್ ಇದಕ್ಕೆ ಕೆಳಗೊಂದು ಎರಡನೆಯ ಕಡಿತ ಸೇರಿಸಿ, ತಮ್ಮ ಬಳೆ-ತಂತಿಗಳ ಚೌಕಟ್ಟಿನಿಂದ ಅಲ್ಲೇ ಕಾಲನ್ನು ನಿಧಾನವಾಗಿ ಉದ್ದ ಮಾಡುವುದನ್ನೂ ಕೂಡಿಸಿದರು. ಚಿಕ್ಕ ಮಕ್ಕಳಲ್ಲಿ ಕೊಟ್ಟ ಕೋನ ಬೆಳೆಯುತ್ತ ಬೆಳೆಯುತ್ತ ನೇರವಾಗಿಬಿಡುವುದರಿಂದ ಇದನ್ನು ಸುಮಾರು 12 ವರ್ಷ ದಾಟಿದ ಮೇಲೆ ಮಾಡುವುದು ರೂಢಿ. ಅಲ್ಲಿಯವರೆಗೆ ಎತ್ತರದ ಅಟ್ಟೆಯ ಚಪ್ಪಲಿ. ಬೆಳವಣಿಗೆ ಮುಗಿದ ಮೇಲೆ ನೋವು ಹೆಚ್ಚಿದವರಿಗೆ ಕೃತಕ ಕೀಲು ಜೋಡಿಸಬಹುದು. ಹಳೆಯ ಸೋಂಕು ಪೂರ್ತಿ ಆರಿದೆಯೆಂದು ಖಚಿತವಾಗಿರಬೇಕು. ತೊಡೆಮೂಳೆಯ ಟೊಳ್ಳು ಕಿರಿದಾಗಿ, ಬಟ್ಟಲು ಆಳವಿಲ್ಲದೆ ಬೆಳೆದಿರುವುದರಿಂದ ಸಾಮಾನ್ಯ ಅಳತೆಯ ಕೀಲು ಹೊಂದದೆ ಚಿಕ್ಕದನ್ನು ಆರಿಸಬೇಕಾಗುತ್ತದೆ.